ಚಂದ್ರಿಯ ಹೊಟ್ಟೆಯಲ್ಲಿ ಐದನೆಯ ಗೆಜ್ಜೆ

ಆ ಭಾನುವಾರ ಮಧ್ಯಾಹ್ನದೊಳಗೆ ನಾನು ಮಾಡಿ ಮುಗಿಸಿದ ಕೆಲಸಗಳು ಇವು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಂಡೆಗೆ ಉರಿ ಹಾಕಿದೆ. ಕಾಫಿ ಬೀಜ ಹುರಿದೆ. ಮರುದಿನದ ದೋಸೆಗೆಂದು ಅಕ್ಕಿ, ಉದ್ದಿನಬೇಳೆ ನೆನೆಹಾಕಿದೆ. ಯಜಮಾನರ ಅಂಗಿಗೆ ಎರಡು ಗುಂಡಿ ಹೊಲಿಯಬೇಕಿತ್ತು. ಒಂದು ಎಲ್ಲೋ ಕಾಣಲಿಲ್ಲ, ಇನ್ನೊಂದನ್ನು ಹೊಲಿದೆ. ಸಾರು ಮಾಡಿದೆ. ಕಮಲಮ್ಮನವರ ಬೆಕ್ಕಿನ ಮರಿಗೆ ಆಟದ ಚೆಂಡು ಮಾಡಿಕೊಟ್ಟೆ. ಈ ಕೊನೆಯದನ್ನು ಮಾಡೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮಗಿದ್ದ ಒಂದೇ ಪಕ್ಕದ ಮನೆ ಕಮಲಮ್ಮನವರದು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರು ಕೆಮ್ಮಿದರೆ ನಮ್ಮ ಯಜಮಾನರೂ ನೆಟ್ಟಗೆ ಕೂರುತ್ತಿದ್ದರು. ಅವರ ಮನೆಯಲ್ಲಿ ಜೊತೆಗಿದ್ದ ಜೀವವೆಂದರೆ ಒಂದೂವರೆ ತಿಂಗಳ ಮರಿ, ಚಂದ್ರಿ. ತಂಗಿಗೆ ಹುಷಾರಿಲ್ಲವೆಂದು ಬೆಳಗಿನ ಬಸ್ಸಿಗೆ ಕನಕಪುರಕ್ಕೆ ಹೊರಟಾಗ ಅದನ್ನು ನನ್ನ ಕೈಗೆ ಕೊಟ್ಟರು.

"ಸಾವಿತ್ರಮ್ಮ, ಸಂಜೆ ಐದಕ್ಕೆ ಬಂದ್ಬಿಡ್ತೀನಿ. ದಾರ ಕೊಡ್ಬೇಡಿ, ನುಂಗುತ್ತೆ. ಸಣ್ಣ ಸಾಮಾನು ಯಾವುದೂ ಅದರ ಬಾಯಿಗೆ ಸಿಗಬಾರದು. ತಿಳೀತಾ?"

"ತಿಳೀತು ಮೇಡಂ" ಎಂದೆ. ಮೂರು ಮಕ್ಕಳನ್ನು ಸಾಕಿ ಮದುವೆ ಮಾಡಿದವಳಿಗೆ ಅಂಗೈಯಗಲದ ಮರಿ ಯಾವ ಲೆಕ್ಕ ಎಂದುಕೊಂಡೆ.

ಆಟದ ಸಾಮಾನಿನ ಆಯ್ಕೆಯನ್ನು ನಾನು ಬಹಳ ಜವಾಬ್ದಾರಿಯಿಂದಲೇ ಕೈಗೊಂಡೆ. ಉಲ್ಲನ್ ಉಂಡೆ ಬೇಡ, ಅದು ದಾರವೇ. ಹುಣಸೆಬೀಜ ಬೇಡ, ಗಂಟಲಿಗೆ ಸಿಕ್ಕೀತು. ನವಿಲುಗರಿ ಬೇಡ, ಕಣ್ಣಿಗೆ ಚುಚ್ಚೀತು. ಕೊನೆಗೆ ಯಜಮಾನರ ಹಳೆಯ ಕಾಲುಚೀಲಕ್ಕೆ ಬಟ್ಟೆ ತುಂಬಿ ಚೆಂಡು ಮಾಡಿದೆ. ಸದ್ದಿಲ್ಲದ ಚೆಂಡಿನಲ್ಲಿ ಏನು ಮಜಾ? ಮಗಳು ಚಿಕ್ಕಂದಿನಲ್ಲಿ ಹಾಕುತ್ತಿದ್ದ ಕಾಲ್ಗೆಜ್ಜೆಯಿಂದ ಐದು ಗೆಜ್ಜೆ ಬಿಡಿಸಿಕೊಂಡು ಹೊಲಿಯುತ್ತ ಕೂತೆ. ನಡುವೆ ಹಾಲು ಉಕ್ಕಿತು. ಓಡಿಹೋಗಿ ಇಳಿಸಿ ಬಂದು ಗಂಟು ಹಾಕಿ, ಚೆಂಡು ಉರುಳಿಸಿದೆ. ಚಂದ್ರಿ ಹಾರಿತು, ಕಚ್ಚಿತು, ಉರುಳಿತು. ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ಊಟದ ನಂತರ ಚೆಂಡನ್ನು ಎತ್ತಿ ನೋಡಿದರೆ ಗೆಜ್ಜೆ ನಾಲ್ಕೇ ಇವೆ.

ಮಂಚದ ಕೆಳಗೆ ನೋಡಿದೆ. ಚಾಪೆ ಕೊಡವಿದೆ. ಪೊರಕೆಯಿಂದ ಮೂಲೆಮೂಲೆ ಗುಡಿಸಿದೆ. ಇಲ್ಲ. ಬಗ್ಗಿ ಚಂದ್ರಿಯನ್ನು ಎತ್ತಿಕೊಂಡೆ.

ಗಿಲ್ ಎಂದಿತು.

"ಏನೂಂದ್ರೆ, ಇಲ್ಲಿ ಬನ್ನಿ. ಮರಿ ಗೆಜ್ಜೆ ನುಂಗಿಬಿಟ್ಟಿದೆ."

ಯಜಮಾನರು ಪೇಪರ್ ಮಡಿಸಿಟ್ಟು ಬಂದರು. ಮರಿಯನ್ನು ತಾವು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದರು. "ಏನೂ ಕೇಳಿಸ್ತಾ ಇಲ್ಲವಲ್ಲೇ."

"ನಿಮ್ಮ ಕೈ ಅಂದ್ರೆ ಅದಕ್ಕೆ ಭಯ. ಹೊಟ್ಟೆ ಬಿಗಿಹಿಡಿದಿದೆ. ಕೊಡಿ ಇಲ್ಲಿ." ನಾನು ಎತ್ತಿಕೊಂಡೆ. ಗಿಲ್.

ಈಗ ಅವರ ಮುಖವೂ ಇಳಿಯಿತು. "ನಾನು ಚಿಕ್ಕವನಾಗಿದ್ದಾಗ ಕಾಸು ನುಂಗಿದ್ದೆ. ನಮ್ಮಮ್ಮ ಬಾಳೆಹಣ್ಣು ತಿನ್ನಿಸಿದ್ರು, ಮಾರನೇ ದಿನ ಸರಿಹೋಯ್ತು" ಎಂದು ದೇವರ ಮನೆಯಿಂದ ಬಾಳೆಹಣ್ಣಿನ ಚಿಪ್ಪನ್ನೇ ತಂದರು. ಚಂದ್ರಿ ಮೂಸಿ ಮುಖ ತಿರುಗಿಸಿತು. ಹೀಗೆ ತಿನ್ನಬೇಕು ಎಂದು ಅದಕ್ಕೆ ತೋರಿಸಲು ಯಜಮಾನರು ಒಂದು ತಿಂದರು. ಅದಕ್ಕೆ ಅರ್ಥವಾಗಲಿಲ್ಲವೆಂದು ಇನ್ನೊಂದು ತಿಂದರು. ಒಟ್ಟು ಐದು ಸಲ ತೋರಿಸಿದರು.

ಮೂರು ಗಂಟೆಗೆ ಕತ್ರಿಗುಪ್ಪೆಯ ಮುನಿಯಪ್ಪ ಎಂದಿನಂತೆ ಹಸುವನ್ನು ಬಾಗಿಲಿಗೇ ತಂದು ಹಾಲು ಕರೆಯಲು ಕೂತ. ದನಕರು ಬಲ್ಲವನು, ಅವನಿಗೇ ತೋರಿಸಿದೆ. ಮರಿಯನ್ನು ಹಿಡಿದು ಹೊಟ್ಟೆ ಒತ್ತಿ ನೋಡಿದ, ಬಾಯಿ ಬಿಡಿಸಿ ನೋಡಿದ.

"ಗುಂಡುಕಲ್ಲಂಗೈತೆ ಅಮ್ಮಾವ್ರೆ. ಏನೂ ಆಗಿಲ್ಲ."

"ಹಾಗಾದ್ರೆ ಇದೇನಪ್ಪ?" ಎಂದು ನಾನು ಎತ್ತಿಕೊಂಡೆ. ಗಿಲ್, ಗಿಲ್.

ಮತ್ತೆ ಹಾಲು ಕರೆಯಲು ಕೂತಿದ್ದ ಮುನಿಯಪ್ಪ ಕೈ ನಿಲ್ಲಿಸಿದ. "ನಾವು ಗೆಜ್ಜೆನ ಕತ್ತಿಗೆ ಕಟ್ತೀವಿ. ನೀವು ಒಳಗಡೆ ಕಟ್ಟಿದ್ದೀರಲ್ಲ ತಾಯಿ."

ಆಮೇಲಿನ ಎರಡು ಗಂಟೆಯನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಅಡುಗೆಮನೆಗೆ ಹೋದರೆ ಚಂದ್ರಿ ಹಿಂದೆಯೇ ಬರುತ್ತದೆ. ಹಿತ್ತಲಿಗೆ ಹೋದರೂ ಬರುತ್ತದೆ. ಗಿಲ್ ಎನ್ನುತ್ತಲೇ ಬಂದು ಎರಡು ಕಾಲಲ್ಲಿ ನಿಂತು ನನ್ನ ಸೆರಗು ಹಿಡಿದು ಜಗ್ಗುತ್ತದೆ. ಕಾಪಾಡು ತಾಯಿ ಎಂದು ಬೇಡುತ್ತಿದೆ ಎಂದೇ ತಿಳಿದೆ. ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತೆ. ಮರಿ ಹೋದರೆ ಒಂಟಿ ಹೆಂಗಸಿನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಐದಕ್ಕೆ ಸರಿಯಾಗಿ ಕಮಲಮ್ಮನವರು ಗೇಟು ತೆಗೆದರು. ಚಂದ್ರಿಯನ್ನು ಮಡಿಲಲ್ಲಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತರು. ನಾನು ಅವರೆದುರು ಕೈಕಟ್ಟಿ ನಿಂತು, ಕಾಲುಚೀಲದಿಂದ ಬಾಳೆಹಣ್ಣಿನವರೆಗೆ ಒಂದನ್ನೂ ಮುಚ್ಚಿಡದೆ ಒಪ್ಪಿಸಿದೆ. ಯಜಮಾನರು ಕಂಬದ ಹಿಂದೆ ನಿಂತಿದ್ದರು.

ಕಮಲಮ್ಮನವರು ಮರಿಯ ಬೆನ್ನು ಸವರುತ್ತ ಕೇಳಿಸಿಕೊಂಡರು. "ಸಾವಿತ್ರಮ್ಮ, ಒಂದ್ಸಲ ಬಾಗಿಲವರೆಗೂ ಹೋಗಿ ಬನ್ನಿ."

ಹೋಗಿ ಬಂದೆ. ಗಿಲ್, ಗಿಲ್, ಗಿಲ್.

"ಮರಿ ನನ್ನ ಮಡಿಲಲ್ಲಿದೆ. ನೀವ್ಯಾಕೆ ಸದ್ದು ಮಾಡ್ತಿದ್ದೀರಿ?"

ಸೆರಗಿನ ಮೂಲೆ ಮುಟ್ಟಿ ನೋಡಿಕೊಂಡೆ. ಅಲ್ಲೊಂದು ಗಂಟು. ಹಾಲು ಉಕ್ಕಿದಾಗ, ಕೈಯಲ್ಲಿದ್ದ ಗೆಜ್ಜೆಯನ್ನು ನೆಲದ ಮೇಲೆ ಬಿಟ್ಟರೆ ಮರಿ ನುಂಗೀತೆಂದು ಮುಂಜಾಗ್ರತೆಯಿಂದ ನಾನೇ ಕಟ್ಟಿಕೊಂಡು ಓಡಿದ್ದೆ. ಬಿಚ್ಚಿದೆ. ಐದನೆಯ ಗೆಜ್ಜೆ ಹೊಳೆಯುತ್ತಿತ್ತು. ಕಂಬದ ಹಿಂದಿನಿಂದ ಯಜಮಾನರು ನಕ್ಕ ಸದ್ದು ಕೇಳಿಸಿತು. ಕಮಲಮ್ಮನವರು ಕೆಮ್ಮಿದರು. ನಗು ನಿಂತಿತು.

"ಸಣ್ಣ ಸಾಮಾನು ಬೇಡ ಅಂದಿದ್ದೆ" ಎಂದು ಅವರು ಉಳಿದ ನಾಲ್ಕನ್ನೂ ನನ್ನಿಂದಲೇ ಕತ್ತರಿಸಿ ತೆಗೆಸಿ, ಬರಿಯ ಚೆಂಡನ್ನು ಚಂದ್ರಿಯ ಮುಂದಿಟ್ಟರು. ಅದು ಚೆಂಡಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮಡಿಲಿಂದ ಹಾರಿ ಬಂದು ನನ್ನ ಸೆರಗಿಗೆ ಜೋತುಬಿತ್ತು. ಇಡೀ ದಿನ ಅದು ಬೇಡುತ್ತಿರಲಿಲ್ಲ, ಆಡುತ್ತಿತ್ತು.

"ಇದಕ್ಕೆ ಆಟದ ಸಾಮಾನು ಸಿಕ್ಕಿತು ಬಿಡಿ. ನಾಳೆ ಸಂಜೆ ಇದೇ ಸೀರೆ ಉಟ್ಕೊಂಡು ಬನ್ನಿ" ಎಂದು ಹೇಳಿ ಕಮಲಮ್ಮನವರು ಮರಿಯೊಂದಿಗೆ ಹೊರಟರು.

ದೋಸೆಗೆ ನೆನೆಹಾಕಿದ್ದನ್ನು ರುಬ್ಬುವುದು ಮರೆತೇ ಹೋಗಿತ್ತು. ರಾತ್ರಿ ನಾನು ಬೆಳಗಿನ ಸಾರಿನಲ್ಲೇ ಅನ್ನ ಉಂಡೆ. ಐದು ಬಾಳೆಹಣ್ಣು ತೋರಿಸಿದ ಯಜಮಾನರು ಮಜ್ಜಿಗೆ ಮಾತ್ರ ಕುಡಿದರು. ಪಕ್ಕದ ಮನೆಯ ಕಿಟಕಿಯಲ್ಲಿ ಚಂದ್ರಿ ಎಲ್ಲರಿಗಿಂತ ಮೊದಲು ಮಲಗಿತ್ತು. ಆಮೇಲೆ ಯಜಮಾನರು. ನಾನು ಸೆರಗಿನ ಇನ್ನೊಂದು ಮೂಲೆಯ ಗಂಟು ಬಿಚ್ಚಿ, ಅದರಲ್ಲಿದ್ದ ಅಂಗಿಯ ಗುಂಡಿಯನ್ನು ಹೊಲಿದಿಟ್ಟು ಕೊನೆಗೆ ಮಲಗಿದೆ.