ಕಾಕಾ ಪಲಂಗಕ್ಕೆ ಮನೆ ನೋಡಿದ್ದು

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ಸಿಂದಗಿಯ ನಮ್ಮ ಓಣಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ, ಎಲ್ಲರಿಗೂ ಗೊತ್ತಿದೆ! ಅಂಥವರ ಕೈಯಲ್ಲಿ ಬೆಳೆದ ನಾನು ಹೇಗಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ನನ್ನ ಹೆಂಡತಿ ಮಾತ್ರ ಊಹೆಗೆ ಬಿಡುವುದಿಲ್ಲ. ಮನೆಗೆ ಬಂದವರಿಗೆಲ್ಲ ಬಾಯಿಬಿಟ್ಟೇ ಹೇಳುತ್ತಾಳೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸಾಲಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಲಗ್ನ ಮಾಡಿಕೊಳ್ಳಲಿಲ್ಲ. ನಾನು ಸಣ್ಣವನಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪನದು ಊರೂರು ತಿರುಗುವ ನೌಕರಿ. ಹೀಗಾಗಿ ನನಗೆ ಜಳಕ ಮಾಡಿಸಿ, ರೊಟ್ಟಿ ಮುರಿದು ತಿನ್ನಿಸಿ, ಪಾಟಿಚೀಲ ಹೆಗಲಿಗೆ ಹಾಕಿ ಸಾಲಿಗೆ ಕಳಿಸಿದವರು ಈ ಕಾಕಾನೇ. ಅವರ ವಿಚಿತ್ರ ಇಷ್ಟೇ: ಮನೆಯ ಸಾಮಾನಿಗೆಲ್ಲ ಜೀವ ಇದೆ ಎಂದು ಅವರು ತಿಳಿದಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಈವರೆಗೆ ಕೂತಿಲ್ಲ. "ಇದಕ್ಕ ಎಲುಬ ಇಲ್ಲೋ" ಎನ್ನುತ್ತಾರೆ.

ಒಮ್ಮೆ ತಮ್ಮ ಹಳೆಯ ಸೈಕಲ್ಲನ್ನು ಬಸವನ ಬಾಗೇವಾಡಿಯ ಒಬ್ಬರಿಗೆ ಮಾರಿದರು. ಕೆಲವು ದಿನಗಳಲ್ಲೇ "ಹೆಂಗೈತಿ ನೋಡ್ಕೊಂಡು ಬರ್ತೇನಿ" ಎಂದು ಬಸ್ಸು ಹತ್ತಿದರು. ಅಲ್ಲಿ ನೋಡಿದರೆ ಚೈನಿಗೆ ಎಣ್ಣೆ ಇಲ್ಲ, ಸೀಟಿನ ಮೇಲೆ ಕೋಳಿ ಕೂತಿದೆ! ಜಗಳ ತೆಗೆದು, ರೊಕ್ಕ ವಾಪಸ್ ಕೊಟ್ಟು, ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿಯೇ ಬಿಟ್ಟರು. ಕಂಡಕ್ಟರ್ ಲಗೇಜಿನ ಟಿಕೀಟು ಕೇಳಿದನಂತೆ. "ಲಗೇಜ್ ಅಲ್ಲೋ ಅದು, ತವರಿಗೆ ಬರಾಕತ್ತೈತಿ" ಎಂದರಂತೆ ಕಾಕಾ. ಕಂಡಕ್ಟರ್ ಕಣ್ಣೀರು ಒರೆಸಿಕೊಂಡನೋ ಇಲ್ಲವೋ ತಿಳಿಯದು, ಟಿಕೀಟನ್ನಂತೂ ಹರಿದು ಕೊಟ್ಟ.

ಇಂಥ ಮನುಷ್ಯನ ಮನೆಯಲ್ಲಿ ಒಂದು ಪಲಂಗ ಇತ್ತು. ಸಾಗವಾನಿ ಕಟ್ಟಿಗೆಯದು. ನಾಲ್ಕು ಮೂಲೆಗೆ ನಾಲ್ಕು ಕಂಬ, ತಲೆಯ ಕಡೆ ಒಂದು ಸಣ್ಣ ಕನ್ನಡಿ. ನನ್ನ ಬಾಲ್ಯವೆಲ್ಲ ಕಳೆದದ್ದು ಅದರ ಮೇಲೆ. ಅದು ನಮಗೆ ಬಸ್ಸಾಗಿತ್ತು, ನಾನು ಡ್ರೈವರ್. ಕಾಕಾ ಕಂಬ ಹಿಡಿದು ನಿಂತು, "ಮೋರಟಗಿ ಯಾರ್ರೀ ಇಳಿಯೋರು?" ಎಂದು ಕೂಗುವ ಕಂಡಕ್ಟರ್. ಇಳಿಯುವವರು ಯಾರೂ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಇದ್ದದ್ದೇ ನಾವಿಬ್ಬರು!

ಮೊನ್ನೆ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದೆವು. ಕಟ್ಟುವಷ್ಟು ದಿನ ಪಲಂಗ ಅಂಗಳದಲ್ಲಿ ತಾಡಪಾಲಿನ ಕೆಳಗೆ ಇತ್ತು. ಕಾಕಾ ದಿನಾ ಮುಂಜಾನೆ ತಾಡಪಾಲು ಎತ್ತಿ, "ಇನ್ನ ಸ್ವಲ್ಪ ತಡಕೋ" ಎಂದು ಅದಕ್ಕೆ ಹೇಳುತ್ತಿದ್ದರು. "ಕಾಕಾ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಬಾಗಿಲದ ಅಳತಿ ನಾನ ತಗೊಂಡೇನಿ" ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಅಳತೆ ತಪ್ಪೀತೇ?

ಅಳತೆ ತಪ್ಪಲಿಲ್ಲ. ಪಲಂಗ ಬಾಗಿಲು ದಾಟಿತು. ಬಾಗಿಲಾಚೆಗೆ ಓಣಿಯಂಥ ಒಂದು ಸಂದಿ ಇದೆ, ಆ ಸಂದಿ ಬಲಕ್ಕೆ ತಿರುಗಿದ ಮೇಲೆ ಕೋಣೆ ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಲಂಗವನ್ನು ಅಡ್ಡ ಮಾಡಿದೆವು, ಉದ್ದ ಮಾಡಿದೆವು, ನಿಲ್ಲಿಸಿದೆವು. ಅದು ಹೊಸ ಗೋಡೆಯ ಬಣ್ಣ ಕೆತ್ತಿತೇ ಹೊರತು ತಿರುಗಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದರು.

"ಗಣಿತದ ಮಾಸ್ತರಾ, ಅದು ಪಲಂಗೋ ತಮ್ಮಾ. ಹಾವಲ್ಲ, ಬಾಗಿ ಹೋಗಾಕ!"

ಬಿಚ್ಚಿ ಒಯ್ಯೋಣವೆಂದರೆ, ಗೂಟ ಬಡಿದು ಜೋಡಿಸಿದ ಹಳೆಯ ಕೆಲಸ. ಬಿಚ್ಚಿದರೆ ಕಂಬಗಳು ಸೀಳುತ್ತವೆ ಎಂದು ಬಡಿಗೇರ ಕೈ ತೊಳೆದುಕೊಂಡ. ಗೋಡೆ ಒಡೆಸೋಣವೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಆ ವಿಚಾರ ಅಲ್ಲಿಗೇ ನಿಂತಿತು. ಅಂಗಳದಲ್ಲಿ ಬಿಟ್ಟರೆ ಮಳೆಗಾಲಕ್ಕೆ ಕೊಳೆಯುತ್ತದೆ. ಕೊನೆಗೆ ಕಾಕಾನೇ ತೀರ್ಮಾನ ಹೇಳಿದರು: "ಕೊಟ್ಟ ಬಿಡೋಣು. ಆದ್ರ ಮನಿ ನೋಡೇ ಕೊಡಬೇಕು."

ಸುದ್ದಿ ಹಬ್ಬಿತು. ಕೇಳಿಕೊಂಡು ಬಂದವರನ್ನು ಕಾಕಾ ಎದುರು ಕೂಡಿಸಿಕೊಂಡು, ಚಹಾ ಕೊಟ್ಟು, ಪರೀಕ್ಷೆ ಶುರು ಮಾಡುತ್ತಿದ್ದರು. ಮೊದಲು ಮೋರಟಗಿಯ ಒಬ್ಬ ಗೌಡರು ಬಂದರು. "ಇದರ ಮ್ಯಾಲೆ ಯಾರು ಮಲಗವ್ರು?" ಎಂದರು ಕಾಕಾ. "ಮಲಗೂದೇನ್ರಿ, ತೊಗರಿ ಚೀಲ ಒಟ್ಟತೀವಿ. ಇಲಿ ಕಾಟ ಭಾಳ ಐತಿ." ಕಾಕಾ ಅವರ ಚಹಾದ ಕಪ್ಪನ್ನು ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋದರು!

ಆಮೇಲೆ ನಾಲತವಾಡದ ಹಳೆ ಸಾಮಾನಿನ ವ್ಯಾಪಾರಿ ಬಂದ. ಕಂಬ ನಾಲ್ಕನ್ನೂ ಕೊಯ್ದು ಯಾವುದೋ ಹೋಟೆಲಿನ ಬಾಗಿಲಿಗೆ ನಿಲ್ಲಿಸುವನಂತೆ. ಕಾಕಾ ಬಹಳ ಹೊತ್ತು ಅವನ ಕಾಲನ್ನೇ ನೋಡಿ, "ನಿನ್ನ ಎರಡೂ ಕಾಲು ಗಟ್ಟಿಮುಟ್ಟ ಅದಾವು. ಕೊಯ್ದು ಕೊಡ್ತಿಯೇನು?" ಎಂದು ಕೇಳಿದರು. ಅವನು ಆ ಕಾಲುಗಳನ್ನು ಬಳಸಿಯೇ ಬೇಗ ಹೊರಟುಹೋದ.

ನಾನು ಎಲ್ಲರ ಮುಂದೆ "ಕಾಕಾಂದು ಅತಿ ಆತು. ಒಂದು ಕಟ್ಟಿಗಿ ಸಾಮಾನಕ್ಕ ಇಷ್ಟ್ಯಾಕ?" ಎಂದು ನಗುತ್ತಿದ್ದೆ. ಒಳಗೊಳಗೆ ಮಾತ್ರ ಬಂದವರೆಲ್ಲ ಫೇಲಾಗುತ್ತಿರುವುದು ಹಾಲು ಕುಡಿದಷ್ಟು ಸಂತೋಷ ಕೊಡುತ್ತಿತ್ತು.

ಅಷ್ಟರಲ್ಲಿ ಇಂಡಿಯಿಂದ ಲಿಂಬೆಹಣ್ಣಿನ ವ್ಯಾಪಾರಿ ಸಾಹೇಬರು ಬಂದರು. ಜೊತೆಗೆ ಹೆಂಡತಿ ಹಸೀನಾ, ಮೂವರು ಸಣ್ಣ ಹೆಣ್ಣುಮಕ್ಕಳು. ದೊಡ್ಡವರು ಚಹಾಕ್ಕೆ ಕೂರುವ ಮೊದಲೇ ಹುಡುಗಿಯರು ತಾಡಪಾಲು ಸರಿಸಿ ಪಲಂಗ ಏರಿ ಕುಣಿಯತೊಡಗಿದ್ದರು.

"ಮೂರೂ ಮಂದಿಗೂ ನಡುವಿನ ಜಾಗಾನ ಬೇಕ್ರಿ ಅಜ್ಜಾರ. ದಿನಾ ಜಗಳ" ಎಂದಳು ಹಸೀನಾ.

"ನಿಮ್ಮ ಮನಿ ಬಾಗಲಾ ಎಷ್ಟ ದೊಡ್ಡದೈತಿ?" ಎಂದರು ಕಾಕಾ.

"ಮುಂದಿನ ಖೋಲಿ ಮೊದಲ ಲಿಂಬೆಹಣ್ಣಿನ ಗೋದಾಮ ಇತ್ರಿ. ಟೆಂಪೋನ ಒಳಗ ಬರತೈತಿ!" ಎಂದರು ಸಾಹೇಬರು.

ಕಾಕಾನ ಮುಖ ಅರಳಿತು. ಏನು ಹೇಳುತ್ತಿದ್ದೇನೆ ಎಂದು ನನಗೇ ತಿಳಿಯುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತ್ತು: "ಅದರಾಗ ತಿಗಣಿ ಅದಾವ್ರಿ!"

ಎಲ್ಲರೂ ನನ್ನತ್ತ ತಿರುಗಿದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ. "ಭಾಳ ಅದಾವು. ಔಷಧಕ್ಕೂ ಸಾಯಂಗಿಲ್ಲ" ಎಂದೆ.

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: "ಸುಳ್ಳ ಹೇಳತಾರ್ರಿ! ತಿಗಣಿ ಇದ್ದಿದ್ರ ನಿನ್ನೆ ಮಧ್ಯಾಹ್ನ ತಾಡಪಾಲದ ಕೆಳಗ ಹೊಕ್ಕೊಂಡು ಅದರ ಮ್ಯಾಲೆ ಗೊರಕಿ ಹೊಡೀತಿರಲಿಲ್ಲ!"

ಅರ್ಧ ತಲೆ ನೆರೆತ, ಹೊಟ್ಟೆ ಬಂದ ಗಣಿತದ ಮಾಸ್ತರ ತಾಡಪಾಲಿನ ಕೆಳಗೆ! ಹುಡುಗಿಯರು ಬಿದ್ದುಬಿದ್ದು ನಕ್ಕರು. ಸಾಹೇಬರು ಸಭ್ಯರು, ಚಹಾದ ಕಪ್ಪಿನೊಳಗೆ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟು, "ಹುಡುಗರು ಏರಿ ಕುಂತಾವ ತಮ್ಮಾ. ಇನ್ನ ಇಳಸಬಾರದು" ಎಂದರು.

ಮರುದಿನ ಟೆಂಪೋ ಬಂತು. ಡ್ರೈವರ್ ಪಕ್ಕ ಕೂರಿ ಎಂದರೆ ಕಾಕಾ ಕೇಳಲಿಲ್ಲ. ಹಿಂದೆ ಹತ್ತಿ, ಪಲಂಗದ ಮೇಲೆ ತಲೆಗೆ ಪಟಗ ಸುತ್ತಿಕೊಂಡು ರಾಜನಂತೆ ಕೂತರು. ಅವರು ಬೀಳದಂತೆ ಹಿಡಿದುಕೊಳ್ಳಲು ನಾನೂ ಹತ್ತಬೇಕಾಯಿತು. ಸಿಂದಗಿಯಿಂದ ಇಂಡಿಯವರೆಗೆ, ದಾರಿಯ ಮೇಲಿನ ಊರುಗಳ ಜನರೆಲ್ಲ ಪಲಂಗದ ಮೇಲೆ ಹೊರಟ ನಮ್ಮ ಸವಾರಿಯನ್ನು ನಿಂತು ನೋಡಿದರು. ಒಂದು ಕಡೆ ನನ್ನದೇ ವಿದ್ಯಾರ್ಥಿಯೊಬ್ಬ "ನಮಸ್ಕಾರ್ರಿ ಸರ್" ಎಂದು ಕೂಗಿ ಫೋಟೋ ತೆಗೆದ. ಆ ಫೋಟೋ ಈಗ ನಮ್ಮ ಸಾಲಿಯಲ್ಲಿ ಎಲ್ಲರ ಮೊಬೈಲಿನಲ್ಲೂ ಇದೆ.

ಇಂಡಿಯಲ್ಲಿ ಪಲಂಗ ಸಲೀಸಾಗಿ ಒಳಗೆ ಹೋಯಿತು. ಲಿಂಬೆಯ ವಾಸನೆ ಇನ್ನೂ ಗೋಡೆಯಲ್ಲಿ ಉಳಿದಿದ್ದ ಖೋಲಿ. ಹುಡುಗಿಯರು ಕೂಡಲೇ ನಡುವಿನ ಜಾಗಕ್ಕೆ ಜಗಳ ಶುರು ಮಾಡಿದರು. ನಾನು ಒಂದು ಕಂಬ ಹಿಡಿದು ನಿಂತಿದ್ದೆ. ಕಾಕಾ ಹಸೀನಾಳನ್ನು ಹತ್ತಿರ ಕರೆದರು.

"ಇಲ್ಲಿ ಕೇಳವ್ವಾ. ಇದು ಕಿರ್ ಅಂತ ಸಪ್ಪಳ ಮಾಡತೈತಿ. ರಿಪೇರಿ ಮಾಡಸಬ್ಯಾಡ. ಒಮ್ಮೆ ಕಿರ್ ಅಂದ್ರ ಹುಡುಗರು ಮಗ್ಗಲ ಬದಲಿ ಮಾಡ್ಯಾವು ಅಂತ ತಿಳ್ಕೊ. ಭಾಳ ಹೊತ್ತು ಸಪ್ಪಳ ಇಲ್ಲಂದ್ರ ಎದ್ದು ಹಣಿ ಮುಟ್ಟಿ ನೋಡು. ಮ್ಯಾಲಿಂದ ಮ್ಯಾಲ ಸಣ್ಣಗ ಕಿರ್ ಕಿರ್ ಅಂದ್ರ, ಕೂಸು ಅವ್ವನ ನೆನಪಾಗಿ ಒಳಗೊಳಗ ಅಳಾಕತ್ತೈತಿ ಅಂತ ಅರ್ಥ." ಹುಡುಗಿಯರ ಕಡೆ ನೋಡಿ, "ನಿನ್ನ ಮಕ್ಕಳಿಗೆ ಅದು ಬರೂದಿಲ್ಲ ಬಿಡು. ನೀ ಇದ್ದೀಯಲ್ಲ" ಎಂದರು.

ಸಣ್ಣವನಿದ್ದಾಗ ನಾನು ಅಳುವುದು ಯಾರಿಗೂ ತಿಳಿಯದು ಎಂದುಕೊಂಡಿದ್ದೆ. ದುಪ್ಪಟಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ.

"ಆವಾಗ ನೀವೇನ್ ಮಾಡತಿದ್ರಿ ಅಜ್ಜಾರ?" ಎಂದಳು ಹಸೀನಾ, ನನ್ನ ಕಡೆ ನೋಡದೆ.

"ನಾ ಏನ್ ಮಾಡಲೆವ್ವಾ? ಮಾತಾಡ್ಸಿದ್ರ ಹುಡುಗಗ ನಾಚಿಕಿ ಆಗತೈತಿ. ಕೆಳಗ ಚಾಪಿ ಮ್ಯಾಲೆ ಮಲಗಿರತಿದ್ದೆ. ಸುಮ್ನ ಒಮ್ಮೆ ಕೆಮ್ಮತಿದ್ದೆ. ಇಲ್ಲೇ ಅದೇನಿ ಅಂತ ಗೊತ್ತಾಗ್ಲಿ ಅಂತ."

ನಮ್ಮ ಕಾಕಾನಿಗೆ ಕೆಮ್ಮಿನ ಬ್ಯಾನಿ ಇತ್ತು ಎಂದೇ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.