ಹತ್ತಕ್ಕೆ ಹತ್ತು

ಮತೀನನ ಬ್ಯಾಗಿನಲ್ಲಿದ್ದದ್ದು ಒಂದೇ ಒಂದು ಹಾಳೆ. ಅದರಲ್ಲಿ ‘ಗ್ರಾಹಕರಾದ ತಾವು ನಮ್ಮ ಕಂಪನಿಯಿಂದ ಏನನ್ನು ನಿರೀಕ್ಷಿಸುತ್ತೀರಿ?’ ಎಂಬ ಪ್ರಶ್ನೆ, ಕೆಳಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಹತ್ತು ವೃತ್ತ. ಗ್ರಾಹಕರು ತೃಪ್ತಿಗೆ ತಕ್ಕ ವೃತ್ತವನ್ನು ತುಂಬಬೇಕು. ಮತೀನ ಫೋಟೊ ತೆಗೆದು ಕಳಿಸಿದರೆ ಹೆಡ್ ಆಫೀಸಿನ ಕಂಪ್ಯೂಟರ್ ತಾನೇ ಓದಿಕೊಳ್ಳುತ್ತದೆ. ಸಂಜೆ ಐದರೊಳಗೆ ಎಂಟಾದರೂ ಬರದಿದ್ದರೆ ಅವನಿಗೆ ಬೀದರಿಗೆ ವರ್ಗ. ಚನ್ನಗಿರಿಯಲ್ಲಿ ಹೆಂಡತಿ ಅಫ್ಸಾನಾಗೆ ಆಗಲೇ ಎಂಟು ತಿಂಗಳು.

ಅದಕ್ಕೇ ಅವನು ನ್ಯಾಮತಿಯ ಪಂಚಾಕ್ಷರಪ್ಪನವರ ಶಾಮಿಯಾನ ಅಂಗಡಿಯನ್ನು ಆರಿಸಿಕೊಂಡ. ಯಾವ ಕೊಪ್ಪರಿಗೆ ಯಾವ ಮದುವೆಮನೆಗೆ ಹೋಗಿದೆ ಎಂದು ಹೇಳುವ ಸಾಫ್ಟ್‌ವೇರನ್ನು ಅಲ್ಲಿ ಹಾಕಿಕೊಟ್ಟವನು ಅವನೇ. ಯಜಮಾನರು ಆ ಕಂಪ್ಯೂಟರಿಗೆ ದಿನಾ ಊದಿನಕಡ್ಡಿ ಬೆಳಗುತ್ತಿದ್ದರು.

“ಫೋನ್ ಮಾಡಿದ್ರೆ ಮನುಷ್ಯ ಎತ್ತಬೇಕು ಕಣಪ್ಪ, ಅದೇ ನಿರೀಕ್ಷೆ,” ಎಂದರು ಪಂಚಾಕ್ಷರಪ್ಪ. “ನಿಮ್ ಆಫೀಸಿನಾಗೆ ಒಂದು ಹುಡುಗಿ ‘ನಿಮ್ಮ ಕರೆ ನಮಗೆ ಅಮೂಲ್ಯ’ ಅಂತಾಳೆ. ನಾನು ‘ಆತು ಕಣಮ್ಮ’ ಅಂತೀನಿ. ಮತ್ತೆ ಅದನ್ನೇ ಅಂತಾಳೆ.”

“ಬರ್ಕೊಂಡೆ ಅಣ್ಣಾ. ಇನ್ನೇನು?”

“ಆ ಫ್ಯಾನ್ ತಿರುಗಬೇಕು.”

ಫ್ಯಾನಿಗೂ ಸಾಫ್ಟ್‌ವೇರಿಗೂ ಏನು ಸಂಬಂಧ ಎಂದು ವಾದ ಮಾಡುವ ದಿನ ಅದಲ್ಲ. ಮತೀನ ಫ್ಯಾನ್ ಬಿಚ್ಚಿ ಜೋಡಿಸಿದ. ಆಮೇಲೆ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದ ಟೆಂಪೊಗೆ ಕುರ್ಚಿಗಳನ್ನೆಲ್ಲ ಹೊತ್ತು ಹಾಕಿದ. ಒಂದು ಕೊಪ್ಪರಿಗೆ ಕಾಲ ಮೇಲೆ ಬಿತ್ತು. ನಾಲ್ಕೂವರೆಗೆ ಕುಂಟುತ್ತ ಬಂದು ಹಾಳೆಯನ್ನು ಮುಂದಿಟ್ಟ.

ಯಜಮಾನರು ಪೆನ್ನು ಹಿಡಿದು, “ಮೂರು ಹಾಕ್ತೀನಿ,” ಎಂದರು.

“ಮೂರಾ? ಸಾಫ್ಟ್‌ವೇರ್ ಸರಿಯಿಲ್ವಾ ಅಣ್ಣಾ?”

“ಎರಡು ವರ್ಷದಾಗೆ ಒಂದು ಸೌಟು ಕಳೆದಿಲ್ಲ. ಅದಕ್ಕೇ ಮೂರು. ಹತ್ತಕ್ಕೆ ಹತ್ತು ಕೊಟ್ಟು ದೃಷ್ಟಿ ಮಾಡ್ಕೊಳ್ಳಾಕೆ ನನಗೇನು ಹುಚ್ಚಾ?”

ಅಂಗಡಿ ಮುಂದೆ ಹೂ ಕಟ್ಟುತ್ತಿದ್ದ ಕೊಟ್ರಮ್ಮ ಸುಮ್ಮನಿರಲಿಲ್ಲ. “ಹೌದು ಮತ್ತೆ! ನಮ್ಮ ಹುಡುಗ ಹಾಲಸ್ವಾಮಿ ಹೊಸ ಮಿಕ್ಸಿನ ಬೀದಿ ತುಂಬ ಹೊಗಳಿದ. ಸಂಜೀಗೆ ಸುಟ್ಟೋತು. ಎರಡು ಸಾಕು ಬಿಡ್ರಿ.”

ಮತೀನನಿಗೆ ಅಳುವೇ ಬಂತು. ಅಫ್ಸಾನಾ, ಎಂಟು ತಿಂಗಳು, ಬೀದರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅದು ಕಿವಿಗೆ ಬಿದ್ದು ಯಜಮಾನರ ಹೆಂಡತಿ ರುದ್ರಾಣಿ ಒಳಗಿಂದ ಬಂದರು.

“ಬಸುರಿ ಹೆಂಗ್ಸನ್ನ ಬಿಟ್ಟು ಅಷ್ಟು ದೂರ ಹೆಂಗೆ ಹೋಗ್ತಾನ್ರೀ? ಹತ್ತೇ ಹಾಕ್ರಿ. ದೃಷ್ಟಿಗೆ ಏನು ಮಾಡಬೇಕೋ ನಾನು ಮಾಡ್ತೀನಿ.”

ಯಜಮಾನರು ತಿಳಿನೀಲಿ ಪೆನ್ನಿನಲ್ಲಿ ಹತ್ತನ್ನು ತುಂಬಿದರು. ರುದ್ರಾಣಿ ಕಾಡಿಗೆ ಡಬ್ಬಿ ತಂದು, ಸಾಲಿನ ಇನ್ನೊಂದು ತುದಿಯಲ್ಲಿ, ಕೂಸಿನ ಕೆನ್ನೆಗೆ ಇಡುವ ಹಾಗೆ, ಒಂದು ಬೊಟ್ಟಿಟ್ಟರು. ಮತೀನನ ಕಣ್ಣು ಹತ್ತನ್ನು ಬಿಟ್ಟು ಅಲುಗಲಿಲ್ಲ. ಫೋಟೊ ಹೋಯಿತು. ಚಹಾ ಬಂತು.

ಸರಿಯಾಗಿ ಐದಕ್ಕೆ ಮೊಬೈಲಿಗೆ ಉತ್ತರವೂ ಬಂತು. ‘ಎರಡು ವೃತ್ತ ತುಂಬಿರುವುದರಿಂದ ಹೆಚ್ಚು ಕಪ್ಪಗಿರುವುದನ್ನು ಪರಿಗಣಿಸಲಾಗಿದೆ. ಅಂಕ: ಒಂದು. ಸೋಮವಾರ ಬೀದರಿನಲ್ಲಿ ಹಾಜರಾಗಿ.’

ಮತೀನ ಹೆಡ್ ಆಫೀಸಿಗೆ ಫೋನ್ ಮಾಡಿದ. ‘ನಿಮ್ಮ ಕರೆ ನಮಗೆ ಅಮೂಲ್ಯ,’ ಎಂದಳು ಹುಡುಗಿ. ಮತ್ತೆ ಅದನ್ನೇ ಎಂದಳು.

“ಹತ್ತು ಬ್ಯಾಡ ಅಂದೆ. ತಾಗ್ತು ನೋಡು,” ಎಂದರು ಪಂಚಾಕ್ಷರಪ್ಪ.

ರುದ್ರಾಣಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು.

“ತಪ್ಪು ನಂದೇ ಕಣೋ ತಮ್ಮಾ. ಬೊಟ್ಟು ಇನ್ನೊಂದೀಟು ದೊಡ್ಡದು ಇಡಬೇಕಿತ್ತು.”