ದನದ ಗಂಟೆ ಕಟ್ಟಿಕೊಂಡು ನೇಪಾಳಕ್ಕೆ ಹೋದದ್ದು

ಮನೆಯಲ್ಲಿ ಕೂತವನಿಗೆ ಕಷ್ಟ ಮಾತ್ರ ಬರುತ್ತದೆ. ಊರು ಬಿಟ್ಟವನಿಗೆ ಕಷ್ಟದ ಬೆನ್ನಿಗೇ ನಗೆಪಾಟಲೂ ಬರುತ್ತದೆ. ನನಗೆ ಚಿಕ್ಕಂದಿನಿಂದ ಎರಡೂ ಒಂದೇ ಬಸ್ಸಿನಲ್ಲಿ ಬಂದಿಳಿದಿವೆ. ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಸ್ಕೂಲಿನ ಕಿಟಕಿಯಲ್ಲಿ ಬಿದಿರು ತುಂಬಿದ ಲಾರಿ ಕಾಣಿಸಿತು. ಮಧ್ಯಾಹ್ನದ ಹೊತ್ತಿಗೆ ನಾನು ಆ ಬಿದಿರಿನ ಮೇಲಿದ್ದೆ. ಅಲ್ಲಿಗೆ ಓದು ಮುಗಿಯಿತು. ಆಮೇಲೆ ಲಾರಿ ಕ್ಲೀನರ್ ಆದೆ, ಹೋಟೆಲಿನಲ್ಲಿ ತಟ್ಟೆ ತೊಳೆದೆ, ಸರ್ಕಸ್ಸಿನವರ ಡೇರೆ ಎತ್ತಿದೆ. ಅವ್ವ ಸತ್ತಾಗ ಎಲ್ಲಿದ್ದೆನೋ ಯಾರಿಗೂ ಗೊತ್ತಿರಲಿಲ್ಲ. ನಾನು ಬಂದಾಗ ಅವಳನ್ನು ಹೂತ ಗುದ್ದದ ಮೇಲೆ ಹುಲ್ಲು ಬಂದಿತ್ತು.

ಘಾಟಿಯ ಮೇಲೆ, ತಮಿಳು ಸೀಮೆಗೆ ಸೇರಿದ ನಮ್ಮೂರು ತಿಗನಾರೆಯ ಮನೆಯಲ್ಲಿ ಉಳಿದದ್ದು ಅಪ್ಪ ಒಬ್ಬ. ಅವನು ಯಾರ ಯಾರ ಕಾಲು ಹಿಡಿದನೋ, ಘಾಟಿಯ ಕೆಳಗೆ ಸತ್ಯಮಂಗಲದ ಹತ್ತಿರದ ಒಂದು ತರಬೇತಿ ಶಾಲೆಯಲ್ಲಿ ನನಗೆ ಜಾಗ ಕೊಡಿಸಿದ. ಓದು ಬಿಟ್ಟವರಿಗೆ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಸುವ ಶಾಲೆ. ಶುರುವಾದ ಮೊದಲ ವಾರ ಬಾರದವನ ಹೆಸರು ಹೊಡೆದುಹಾಕುತ್ತಾರೆ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಅಪ್ಪ ಹೇಳಿದ್ದು ಒಂದೇ ಮಾತು: "ಇದೊಂದ ಕೆಡಿಸ್ಕಬೇಡ ಕಣ್ಲಾ."

ಶಾಲೆ ತೆರೆಯುವುದಕ್ಕೆ ಇನ್ನೂ ಒಂದು ಬೇಸಿಗೆ ಪೂರ್ತಿ ಇತ್ತು. ಗೂಟಕ್ಕೆ ಕಟ್ಟಿಸಿಕೊಳ್ಳುವ ಮುಂಚೆ ಒಂದು ಪರದೇಶ ನೋಡಿಬಿಡೋಣ ಅನ್ನಿಸಿತು. ಒಡೆಯರಪಾಳ್ಯದ ಟಿಬೆಟಿನವರ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುತ್ತಿದ್ದವನೊಬ್ಬ, "ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಕಾಲಿದ್ದರೆ ಸಾಕು" ಅಂದಿದ್ದ. ಕಾಲು ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

೧. ಬೆನ್ನಿನ ಚೀಲ

ಬೆನ್ನಿಗೆ ಹಾಕುವ ಚೀಲ ಆಗ ನಮ್ಮ ಕಡೆ ಯಾವ ಅಂಗಡಿಯಲ್ಲಿತ್ತು? ತಾಳವಾಡಿಯ ಟೈಲರ್ ಹಳೆಯ ಟಾರ್ಪಾಲಿನಲ್ಲಿ ಒಂದನ್ನು ಹೊಲಿದುಕೊಟ್ಟ. ಭುಜದ ಪಟ್ಟಿಗೆ ಅಪ್ಪ ಎತ್ತಿನ ಕೊರಳಪಟ್ಟಿ ಕೊಟ್ಟ. ಹೊರಡುವ ದಿನ ನೋಡುತ್ತೇನೆ, ಚೀಲದ ಕೆಳಗೆ ಮರದ ಗಂಟೆಯೊಂದು ನೇತಾಡುತ್ತಿದೆ. ಕಾಡಿಗೆ ಮೇಯಲು ಬಿಟ್ಟ ದನದ ಕೊರಳಿಗೆ ಕಟ್ಟುತ್ತೇವಲ್ಲ, ಅದೇ.

"ಇದ್ಯಾಕಪ್ಪಾ?" ಅಂದೆ.

"ಕಾಡ್ಗ ಬುಟ್ಟ ದನಕ್ಕ ಗಂಟ ಕಟ್ದೆ ಕಳಿಸ್ತಾರ? ಆಮೇಲ ಎಲ್ಲಿ ಅಂತ ಉಡುಕದು?"

ಬಿಚ್ಚೋಣವೆಂದರೆ ಅಪ್ಪ ಬಸ್ಸಿನವರೆಗೂ ಜೊತೆಗೇ ಬಂದ. ನಾನು ಹತ್ತಿದೆ, ಬೆನ್ನ ಹಿಂದೆ ಲೊಟಲೊಟ ಸದ್ದು. ಮುಂದುಗಡೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ತಿರುಗಿ ಕೂಡ ನೋಡದೆ ತಮಿಳಿನಲ್ಲಿ ಕೂಗಿದ:

"ಯಾರಯ್ಯಾ ಅದು? ಆಡು ಕುರಿ ಆದರೆ ಸರಿ, ದನ ಹತ್ತಿಸಬೇಡಿ ಅಂತ ಎಷ್ಟು ಸಲ ಹೇಳೋದು?"

೨. ತನ್ನನ್ನು ಹುಡುಕುವವನು

ಕಾಠ್ಮಂಡು ತಲುಪುವ ಹೊತ್ತಿಗೆ ನನ್ನ ಹುಮ್ಮಸ್ಸು ಅರ್ಧ ಇಳಿದಿತ್ತು. ಮಾತಾಡಲು ಯಾರೂ ಇಲ್ಲ. ಲಾರಿಯಲ್ಲಿ ಕಲಿತ ನನ್ನ ಹಿಂದಿಯಲ್ಲಿ ಬೈಗುಳವೇ ಜಾಸ್ತಿ. ಅದನ್ನು ಇಟ್ಟುಕೊಂಡು ಪರದೇಶದಲ್ಲಿ ಸ್ನೇಹ ಸಂಪಾದಿಸುವುದು ಹೇಗೆ? ಕನ್ನಡ ಮರೆತುಹೋದೀತೆಂದು ಹಾದಿಯ ಕಲ್ಲುಗಳನ್ನು ಮಾತಾಡಿಸಿಕೊಂಡು ನಡೆಯುತ್ತಿದ್ದೆ.

ಒಂದು ಟೀ ಅಂಗಡಿಯಲ್ಲಿ ಬಿಳಿಯ ಹುಡುಗನೊಬ್ಬ ಸಿಕ್ಕಿದ. ಗಡ್ಡ ಬಿಟ್ಟಿದ್ದ, ಚಪ್ಪಲಿ ಇರಲಿಲ್ಲ, ಬೆನ್ನ ಮೇಲೆ ನನ್ನದಕ್ಕಿಂತ ದೊಡ್ಡ ಚೀಲ. ಅಂಗಡಿಯವನು ನಮ್ಮ ಸೈನ್ಯದಲ್ಲಿ ದುಡಿದು ಊರಿಗೆ ಮರಳಿದವನು; ಆ ಹುಡುಗನ ಇಂಗ್ಲಿಷನ್ನು ಹಿಂದಿ ಮಾಡಿ ನನಗೆ, ನನ್ನ ಹಿಂದಿಯನ್ನು ಸೋಸಿ ಅವನಿಗೆ ದಾಟಿಸಿದ. ಹುಡುಗನೂ ನನ್ನಂತೆಯೇ. ಕಾಲೇಜು ತೆರೆಯುವುದರೊಳಗೆ ಒಬ್ಬನೇ ತಿರುಗಲು ಬಂದಿದ್ದ. ನನಗೆ ಅಣ್ಣತಮ್ಮ ಸಿಕ್ಕಷ್ಟು ಖುಷಿಯಾಯಿತು.

"ಯಾಕೆ ತಿರುಗ್ತಾನಂತೆ, ಕೇಳಿ" ಅಂದೆ.

ಅಂಗಡಿಯವನು ಕೇಳಿ, ತಲೆ ಕೆರೆದುಕೊಂಡು ಹೇಳಿದ: "ತನ್ನನ್ನು ತಾನು ಹುಡುಕೋದಕ್ಕಂತೆ. ಅವರ ದೇಶದಲ್ಲಿ ಎಲ್ಲ ಹುಡುಗರೂ ಹೀಗೆ ಹುಡುಕ್ತಾರಂತೆ."

"ಸಿಕ್ಕಿದನಾ?"

"ಇನ್ನೂ ಇಲ್ಲವಂತೆ."

ಪಾಪ ಅನ್ನಿಸಿತು. ಚೀಲದ ಗಂಟೆ ಬಿಚ್ಚಿ ಅವನ ಚೀಲಕ್ಕೆ ಕಟ್ಟಿದೆ. ಇದೇನೆಂದು ಕೇಳಿದ. ನಮ್ಮ ಊರಲ್ಲಿ ಹುಡುಕಬೇಕಾಗಿ ಬರುವುದಕ್ಕೆಲ್ಲ ಮೊದಲೇ ಗಂಟೆ ಕಟ್ಟಿರುತ್ತೇವೆಂದು ಹೇಳಿಸಿದೆ. ಅವನು ಎದ್ದು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂಗಡಿಯವನು ನನ್ನ ಕಿವಿಯಲ್ಲಿ ಅಂದ: "ಬೇಗ ಜಾಗ ಖಾಲಿ ಮಾಡಪ್ಪ. ಇನ್ನು ನಾಲ್ಕು ಜನ ಬಂದರೆ ನೀನು ಇಲ್ಲೇ ಮಠ ಕಟ್ಟಬೇಕಾಗುತ್ತೆ."

೩. ಮುದ್ದೆ

ಮಠ ಕಟ್ಟುವ ಮೊದಲೇ ಮಲಗಿದೆ. ಕಣ್ಣು, ಉಗುರು ಎಲ್ಲ ಹಳದಿ. ಕಾಮಾಲೆ. ವಾಸಕ್ಕೆ ಹಿಡಿದಿದ್ದ ಕೋಣೆಯಲ್ಲಿ ಕಿಟಕಿಯೇ ಇರಲಿಲ್ಲ. ಮಳೆ ಬೇರೆ ಹಿಡಿದಿತ್ತು. ಗೋಡೆಯ ತೇವ ನೋಡುತ್ತ ಮಲಗಿ, ಶಾಲೆ ತೆರೆಯುವ ದಿನ ಹತ್ತಿರವಾಗುವುದನ್ನು ಲೆಕ್ಕ ಹಾಕುತ್ತಿದ್ದೆ. ಇಲ್ಲಿ ಸತ್ತರೆ ಅಪ್ಪನಿಗೆ ತಿಳಿಸುವವರು ಯಾರು? ಗಂಟೆಯೂ ಇಲ್ಲವಲ್ಲ ಎಂದುಕೊಂಡೆ. ಅವ್ವ ಕೂಡ ಹೀಗೇ ಬಾಗಿಲು ನೋಡುತ್ತ ಮಲಗಿದ್ದಳಂತೆ.

ಮನೆಯ ಯಜಮಾನಿ ಮುದುಕಿ. ನನ್ನ ಮಾತು ಅವಳಿಗೆ ಬಾರದು, ಅವಳದು ನನಗೆ ಬಾರದು. ದಿನಾ ಗಂಜಿ ತಂದಿಟ್ಟು, ಹಣೆ ಮುಟ್ಟಿ ನೋಡಿ ಹೋಗುವಳು. ಒಂದು ದಿನ ಅವಳ ಅಡುಗೆಮನೆಯಿಂದ ಒಂದು ವಾಸನೆ ಬಂತು. ಎದ್ದು ಗೋಡೆ ಹಿಡಿದುಕೊಂಡು ಹೋದೆ. ಅವಳು ತಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದು ರಾಗಿ ಮುದ್ದೆ! ಅವರು ಅದಕ್ಕೆ ಬೇರೇನೋ ಅನ್ನುತ್ತಾರೆ. ಬಣ್ಣ ಅದೇ, ಹಬೆ ಅದೇ. ನನ್ನ ಮುಖ ನೋಡಿ ಒಂದು ತಟ್ಟೆಗೆ ನನಗೂ ಹಾಕಿದಳು. ನಾನು ಒಂದು ತುತ್ತು ಮುರಿದು, ಅಗಿಯದೆ ನುಂಗಿದೆ. ಅಷ್ಟೇ. ಅವ್ವ, ಮನೆ, ಒಲೆ ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ಗೊಳೋ ಅಂತ ಅತ್ತುಬಿಟ್ಟೆ.

ಮುದುಕಿ ಗಾಬರಿಯಾದಳು. ಪರದೇಶದವನಿಗೆ ಬಡವರ ಹಿಟ್ಟು ಹಾಕಿ ಅವಮಾನ ಮಾಡಿದೆನೆಂದು ಅವಳ ಎಣಿಕೆ. ಕೆನ್ನೆ ಬಡಿದುಕೊಂಡು, ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಓಡಿಹೋಗಿ ಪಕ್ಕದ ಮನೆಯಿಂದ ಬಿಳೀ ಅನ್ನ ಕೇಳಿ ತಂದು ಮುಂದೆ ಇಟ್ಟು ಕೈಮುಗಿದಳು. ಮುದ್ದೆಯನ್ನು ತನ್ನ ಕೋಳಿಗಳಿಗೆ ಹಾಕಿದಳು.

ಅದುವರೆಗೆ ನಾನು ಅತ್ತದ್ದು ನೆನಪಿಗೆ. ಆಮೇಲೆ ಅತ್ತದ್ದು ಆ ಕೋಳಿಗಳನ್ನು ನೋಡಿ.

೪. ಕರಿಯ ಉಂಡೆ

ಎದ್ದು ಓಡಾಡುವಷ್ಟಾಗುವ ಹೊತ್ತಿಗೆ ಶಾಲೆ ಶುರುವಾಗಿಹೋಗಿತ್ತು. ಮೊದಲ ವಾರ ಮುಗಿಯುವುದರೊಳಗೆ ತಲುಪಿದರೆ ಉಳಿದೆ ಎಂದುಕೊಂಡು ಗಡಿಗೆ ಬಂದೆ. ಅಲ್ಲಿ ತನಿಖೆಯವರು ಹಿಡಿದರು. ಹಳದಿ ಕಣ್ಣು, ಕೆದರಿದ ತಲೆ, ಟಾರ್ಪಾಲಿನ ಚೀಲ, ಹಿಡಿಯದಿದ್ದರೇ ಆಶ್ಚರ್ಯ. ಆ ಕಾಲದಲ್ಲಿ ನೇಪಾಳದಿಂದ ಚರಸ್ಸಿನ ಕರಿ ಉಂಡೆ ಕದ್ದು ತರುವವರು ಬಹಳ.

ನನ್ನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯತ್ತ ಬೆರಳು ತೋರಿಸಿ, "ಇದರಲ್ಲೇನು? ತೆಗಿ" ಅಂದ ಅಧಿಕಾರಿ.

ನಮ್ಮ ಮನೆತನದವರೆಲ್ಲ ಲಿಂಗ ಕಟ್ಟುವವರು. ಮುಚ್ಚಳ ತೆಗೆದೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಕರ‍್ರಗೆ ಮಿರುಗುವ ಉಂಡೆ. ಅಧಿಕಾರಿಯ ಮುಖ ಅರಳಿತು. ಬೆಳ್ಳಿ ಡಬ್ಬಿಯಲ್ಲಿ ಇಟ್ಟು ಕೊರಳಿಗೇ ಕಟ್ಟಿಕೊಂಡು ಬರುವಷ್ಟು ಒಳ್ಳೆಯ ಮಾಲು ಅವನು ನೋಡಿರಲಿಲ್ಲ. ಮೂಗು ಮುಂದೆ ತಂದ. ನಾನು ಮುಟ್ಟಲು ಬಿಡಲಿಲ್ಲ.

"ಸ್ವಾಮಿ, ಇದು ಶಿವ" ಅಂದೆ.

"ಗೊತ್ತು. ಇಲ್ಲಿ ಸಿಕ್ಕಿಬಿದ್ದವರೆಲ್ಲ ಹಾಗೇ ಅನ್ನೋದು."

ಕೊನೆಗೆ ಅಲ್ಲೇ ನೆಲದ ಮೇಲೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ನೀರು ಬಿಟ್ಟು, ವಿಭೂತಿ ಹಚ್ಚಿ, ಕಣ್ಣುಮುಚ್ಚಿ ಪೂಜೆ ಮಾಡಿದೆ. ಊರಲ್ಲಿ ಅಪ್ಪ ಬೈದರೂ ಮಾಡದ ಪೂಜೆ. ಕಣ್ಣು ತೆರೆದು ನೋಡಿದರೆ ಅಧಿಕಾರಿ ಟೋಪಿ ತೆಗೆದು ನಿಂತಿದ್ದ. ಬಿಟ್ಟ ಅಂದುಕೊಂಡರೆ ಇಲ್ಲ. ಇವನ ಮೇಲಧಿಕಾರಿ ಬೇರೆ ಊರಿಗೆ ಹೋಗಿದ್ದ. ಅವನು ಬಂದು ನೋಡಿ ಒಪ್ಪಬೇಕು. ಅಲ್ಲಿಯವರೆಗೆ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಅನ್ನ ಹಾಕಿದರು, ಸುಳ್ಳು ಹೇಳಬಾರದು. ಆದರೆ ದಿನಗಳು ಅಲ್ಲೇ ಕಳೆದುಹೋದವು. ಹೆಸರು ಹೊಡೆದುಹಾಕುವ ವಾರ ಆ ಜಗಲಿಯ ಮೇಲೆಯೇ ಮುಗಿಯಿತು.

ಮೇಲಧಿಕಾರಿ ಬಂದು ಬಿಡುಗಡೆ ಮಾಡಿದಾಗ ಮೊದಲಿನವನು ಬೇಸರದಿಂದ ಅಂದ: "ಬೆಳಿಗ್ಗೆ ಸಂಜೆ ಪೂಜೆ ನಡೀತಿತ್ತು. ಠಾಣೆಗೊಂದು ಕಳೆ ಇತ್ತು. ಇನ್ನೆರಡು ದಿನ ಅನುಮಾನಪಡಬಹುದಿತ್ತು, ಸಾಹೇಬ್ರೆ."

೫. ಮನೆಗೊಂದಾಳು

ತಿಗನಾರೆಗೆ ಬಂದಾಗ ಮನೆಗೆ ಬೀಗ. ಹೊಲ ನೋಡಿದರೆ ಜೋಳವನ್ನೆಲ್ಲ ಆನೆ ತುಳಿದು ಚಾಪೆ ಮಾಡಿದೆ. ಅವ್ವನ ಹಾಗೇ ಅಪ್ಪನೂ ನಾನಿಲ್ಲದಾಗಲೇ ಹೋದನೆಂದುಕೊಂಡೆ. ಪಕ್ಕದ ಮನೆಯ ಅಜ್ಜಿ ಮಾತ್ರ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಅಜ್ಜೀ, ಅಪ್ಪ ಎಲ್ಲಿ?"

"ಬಂದ್ಯ ಮೂದೇವಿ? ನಿಮ್ಮಪ್ಪ ನಿನ್ನ ಇಸ್ಕೂಲ್ಗ, ಆ ಮೋಟ್ರು ಪಳ್ಳಿಕೂಡಕ್ಕ ಓಗವ್ನ."

"ಮತ್ತೆ ಕಾಲು ಹಿಡಿಯೋಕಾ?"

"ಓದಕ ಕಣ್ಲಾ!"

ಅಜ್ಜಿಗೆ ಅರಳುಮರಳು ಎಂದುಕೊಂಡು ಘಾಟಿ ಇಳಿದೆ. ಶಾಲೆಯ ಕಿಟಕಿಯಲ್ಲಿ ಇಣುಕಿದೆ. ಹಿಂದಿನ ಬೆಂಚಿನಲ್ಲಿ, ಮೀಸೆ ಮೂಡದ ಹುಡುಗರ ನಡುವೆ, ತಲೆಗೆ ಟವಲ್ ಸುತ್ತಿ, ನಾಲಿಗೆ ಕಚ್ಚಿಕೊಂಡು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಾನೆ, ನಮ್ಮಪ್ಪ! ನಮ್ಮ ಮನೆಗೆ ಇನ್ನೂ ಕರೆಂಟೇ ಬಂದಿರಲಿಲ್ಲ.

ಪಾಠ ಮಾಡುತ್ತಿದ್ದ ವಾತ್ಯಾರು ಹೊರಗೆ ಬಂದು, ಯಾರೆಂದು ಕೇಳಿ ತಿಳಿದು, ಎಲ್ಲ ಹೇಳಿದರು. ಮೊದಲ ದಿನ ನನ್ನ ಹೆಸರು ಕೂಗಿದಾಗ ಈ ಮುದುಕ ಎದ್ದುನಿಂತು ಬಾಗಿಲು ಅದುರುವ ಹಾಗೆ "ಇವ್ನಿ ಸಾಮಿ" ಅಂದನಂತೆ. ನೀನಲ್ಲ, ನಿನ್ನ ಮಗ ಬರಬೇಕು ಅಂದರೆ, "ಅವ ಬಂದ್ರೇನು, ನಾ ಬಂದ್ರೇನು? ಮನಗೊಂದಾಳು ಬಂದಾಯ್ತಲ್ಲ" ಅಂದನಂತೆ.

ನಮ್ಮೂರಿನ ಕಟ್ಟಳೆ ಅದು. ಆನೆ, ಹಂದಿಗಳಿಂದ ಹೊಲ ಕಾಯಲು ಸರದಿ ಬಂದಾಗ ಮನೆಗೊಂದು ಆಳು ಹೋಗಬೇಕು. ಮಗ ಇಲ್ಲದಿದ್ದರೆ ಅಪ್ಪ, ಅಪ್ಪನಿಗಾಗದಿದ್ದರೆ ಅಳಿಯ. ಯಾರು ಅಂತ ಯಾರೂ ಕೇಳುವುದಿಲ್ಲ. ಆಳು ಬರದ ಮನೆಯ ಹೊಲಕ್ಕೆ ಮಾರನೆಯ ಸಲ ಆನೆ ನುಗ್ಗಿದರೆ ಯಾರೂ ಕೂಗುವುದೂ ಇಲ್ಲ. ಸರ್ಟಿಫಿಕೇಟ್ ಕೊಡುವ ಶಾಲೆಯೂ ಅಪ್ಪನಿಗೆ ಅದೇ ಲೆಕ್ಕ.

"ಎರಡು ಸಲ ಗೇಟಿನಿಂದ ಆಚೆ ಕಳಿಸಿದೆನಪ್ಪ" ಅಂದರು ವಾತ್ಯಾರು. "ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಮುಂಚೆ ಬಂದು ಬೆಂಚು ಒರೆಸಿ ಕೂತಿರ್ತಾರೆ. ನಿನ್ನ ಹೆಸರು ಹೊಡೆದುಹಾಕೋಣ ಅಂದರೆ ಆ ಮುಖ ನೋಡಿಕೊಂಡು ಹೇಗೆ ಹೊಡೆಯೋದು? ಹೋಗು, ಹೋಗಿ ಕೂತ್ಕೋ."

ಅಪ್ಪ ನನ್ನನ್ನು ನೋಡಿದ. ಹಳದಿ ಕಣ್ಣು ನೋಡಿದ, ಎದ್ದ ಮೂಳೆ ನೋಡಿದ, ಚೀಲದ ಅಡಿ ನೋಡಿದ.

"ಗಂಟ ಎಲ್ಲಿ?"

"ಕಳ್ದೋದವ್ನೊಬ್ನಿಗೆ ಕೊಟ್ಟೆ, ಅಪ್ಪ."

"ಸರಿ ಬುಡು. ಅವನ್ಗೂ ಅಪ್ಪ ಇರ್ತಾನ."

"ಒಲ ಎಲ್ಲ ಆನ ತುಳುದ್ಬುಟ್ಟದಲ್ಲಪ್ಪ..."

"ಆಳು ಇಲ್ಲಿದ್ರ ಒಲ ಕಾಯದ್ಯಾರು? ಆನ ಒಟ್ಟಗೂ ಮನಗೊಂದೊಲ ಬ್ಯಾಡ್ವ?"

ಜಾಗ ಬಿಟ್ಟುಕೊಟ್ಟ. ನಾನು ಕೂತೆ, ಬೆಂಚು ಇನ್ನೂ ಬೆಚ್ಚಗಿತ್ತು. ಅರ್ಧ ಸುತ್ತಿದ್ದ ಮೋಟಾರನ್ನು ನನ್ನ ಮುಂದೆ ಸರಿಸಿ, ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಹುಡುಗರೆಲ್ಲ "ತಾತಾ, ಪೋಗಾದೀಂಗ, ಹೋಗಬೇಡಿ" ಎಂದು ಸುತ್ತಿಕೊಂಡರು. ಅವನು ಬಾಗಿಲವರೆಗೆ ಹೋದ, ನಿಂತ, ಮೋಟಾರನ್ನು ಇನ್ನೊಂದು ಸಲ ನೋಡಿದ. ವಾಪಸ್ಸು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ. ಜನ್ಮವೆಲ್ಲ ನನ್ನನ್ನು ಒಂದು ಕಡೆ ಕೂರಿಸಲು ಹೆಣಗಿದ ಅಪ್ಪ ಮೆಲ್ಲಗೆ ಕೇಳಿದ:

"ಲಾ, ನೇಪಾಳದಾಚ್ಗ ಇನ್ಯಾವ ದೇಸನೂ ಇಲ್ವ? ಓಗೋದಾದ್ರ ಓಗ್ಬುಟ್ಟು ಬಾ. ನಾ ಇರ್ತಿನಿ."